ಗೆರೆ ಒಡೆದು ಚುಕ್ಕಿಯಾಗುವ ಹೊತ್ತು

ದಪ್ಪ ಉಕ್ಕಿನ ಕೋಣೆ. ಆರ್ಸೆನಿಕ್ ಆವಿಯೊಂದನ್ನು ಬಿಟ್ಟರೆ ಒಳಗೆ ಉಳಿದಿರುವ ಗಾಳಿ ಹೊರಗಿನ ವಾತಾವರಣದ ಲಕ್ಷ ಕೋಟಿಯಲ್ಲೊಂದು ಪಾಲಿನಷ್ಟೂ ಇಲ್ಲ. ನಡುವೆ ಗ್ಯಾಲಿಯಂ ಆರ್ಸೆನೈಡ್‌ನ ಬಿಲ್ಲೆಯೊಂದು ಸುಮಾರು 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾದು ಕೂತಿದೆ. ಎದುರಿನ ಮೂಸೆಯ ಮುಚ್ಚಳ ಸರಿಯುತ್ತದೆ, ಇಂಡಿಯಂ ಪರಮಾಣುಗಳು ಬಿಲ್ಲೆಯ ಮೇಲೆ ಬಂದು ಕೂರತೊಡಗುತ್ತವೆ. ಬಿಲ್ಲೆಯ ಮೈಯನ್ನು ಸವರಿಕೊಂಡು ಹಾದುಹೋದ ಎಲೆಕ್ಟ್ರಾನ್ ಕಿರಣ ಆಚೆ ಬದಿಯ ಹಸಿರು ತೆರೆಯಲ್ಲಿ ಉದ್ದುದ್ದ ಗೆರೆಗಳನ್ನು ಮೂಡಿಸಿದೆ. ಗೆರೆ ಕಾಣುತ್ತಿದ್ದರೆ ಮೈ ನುಣುಪಾಗಿದೆ ಎಂದರ್ಥ. ಸೆಕೆಂಡಿಗೆ ಒಂದು ಪರಮಾಣು ಪದರದ ಹತ್ತನೇ ಒಂದು ಪಾಲು ಬೆಳೆಯುವಷ್ಟು ನಿಧಾನ. ಹತ್ತು ಸೆಕೆಂಡ್ ಕಳೆಯುತ್ತದೆ, ಹದಿನೈದು ಕಳೆಯುತ್ತದೆ. ಹದಿನೇಳರ ಆಸುಪಾಸಿನಲ್ಲಿ ಗೆರೆಗಳು ತಟ್ಟನೆ ಒಡೆದು ಚುಕ್ಕಿಗಳಾಗುತ್ತವೆ.

ಅಂಗಳದ ರಂಗೋಲಿಯಲ್ಲಿ ಮೊದಲು ಚುಕ್ಕಿ, ಆಮೇಲೆ ಗೆರೆ. ಇಲ್ಲಿ ಗೆರೆ ಮುರಿದ ಮೇಲೆಯೇ ಚುಕ್ಕಿ. ಬಿಲ್ಲೆಯ ಮೇಲೆ ಆ ಕ್ಷಣದಲ್ಲಿ ಹುಟ್ಟಿರುವುದು ಇಂಡಿಯಂ ಆರ್ಸೆನೈಡ್‌ನ ಪುಟ್ಟ ಗುಡ್ಡಗಳು: ಬುಡದಲ್ಲಿ ಸುಮಾರು 20 ನ್ಯಾನೊಮೀಟರ್ ಅಗಲ, ಎತ್ತರ ಕೆಲವೇ ನ್ಯಾನೊಮೀಟರ್. ಒಂದು ಚದರ ಸೆಂಟಿಮೀಟರಿನಲ್ಲಿ ಸಾವಿರ ಕೋಟಿಯಿಂದ ಹತ್ತು ಸಾವಿರ ಕೋಟಿಯವರೆಗೆ ಇಂಥ ಗುಡ್ಡಗಳಿರುತ್ತವೆ. ಇವೇ ಕ್ವಾಂಟಮ್ ಚುಕ್ಕಿಗಳು. ಇವನ್ನು ಪದರವಾಗಿ ಬೆಳೆಸಿ, ಎರಡೂ ಬದಿಯಿಂದ ವಿದ್ಯುತ್ ಹರಿಸಿ, ಹರಿಸಿದ ವಿದ್ಯುತ್ತಿನಲ್ಲಿ ಆದಷ್ಟು ಹೆಚ್ಚು ಪಾಲನ್ನು ಬೆಳಕಾಗಿ ಹೊರತೆಗೆಯುವುದು ಹೇಗೆ ಎಂಬ ಪ್ರಶ್ನೆಗೆ ಮೂರು ದಶಕ ತುಂಬಿದೆ. ಒಂಟಿ ಚುಕ್ಕಿಯನ್ನು ಮಾಡುವ ವಿದ್ಯೆಗೆ ನೊಬೆಲ್ ಬಂದಾಗಿದೆ. ಆದರೆ ದೀಪದ ಭವಿಷ್ಯ ತೀರ್ಮಾನವಾಗುವುದು ಕೋಟ್ಯಂತರ ಚುಕ್ಕಿಗಳು ಸೇರಿದ ಪದರದಲ್ಲಿ. ಒಂದು ಚುಕ್ಕಿ ಎಷ್ಟೇ ಚೆನ್ನಾಗಿ ಹೊಳೆಯಲಿ, ಪಕ್ಕದ ಚುಕ್ಕಿ, ಕೆಳಗಿನ ಹಾಸು, ಮೇಲಿನ ಹೊದಿಕೆ ಇವುಗಳಲ್ಲಿ ಯಾವುದೊಂದು ಹೊಂದದಿದ್ದರೂ ಅದರ ಬೆಳಕು ಶಾಖವಾಗಿ ಕರಗಿಹೋಗುತ್ತದೆ.

ಗಾತ್ರವೇ ಬಣ್ಣ

ಎಲ್‌ಇಡಿಯ ಮೂಲಸೂತ್ರ ಸರಳ. ಅರೆವಾಹಕದೊಳಗೆ ಒಂದು ಕಡೆಯಿಂದ ಎಲೆಕ್ಟ್ರಾನುಗಳು ಬರುತ್ತವೆ, ಇನ್ನೊಂದು ಕಡೆಯಿಂದ ರಂಧ್ರಗಳು, ಅಂದರೆ ಎಲೆಕ್ಟ್ರಾನು ಇರಬೇಕಾಗಿದ್ದು ಖಾಲಿ ಉಳಿದ ಜಾಗಗಳು. ಎರಡೂ ಕೂಡಿದಾಗ ಮಿಗುವ ಶಕ್ತಿ ಬೆಳಕಿನ ಕಣವಾಗಿ, ಅಂದರೆ ಫೋಟಾನಾಗಿ ಹೊರಬರುತ್ತದೆ. ಯಾವ ಬಣ್ಣ ಎಂಬುದನ್ನು ಸಾಮಾನ್ಯವಾಗಿ ಆ ವಸ್ತುವಿನಲ್ಲಿ ಎಲೆಕ್ಟ್ರಾನಿಗೂ ರಂಧ್ರಕ್ಕೂ ಇರುವ ಶಕ್ತಿಯ ಅಂತರ ನಿರ್ಧರಿಸುತ್ತದೆ. ಹರಳನ್ನು ಕೆಲವೇ ನ್ಯಾನೊಮೀಟರಿಗೆ ಇಳಿಸಿದರೆ ಎಲೆಕ್ಟ್ರಾನಿಗೆ ಓಡಾಡಲು ಜಾಗ ಸಾಲದೆ ಆ ಅಂತರ ಹಿಗ್ಗುತ್ತದೆ. ವೀಣೆಯಲ್ಲಿ ತಂತಿಯ ನುಡಿಯುವ ಉದ್ದ ಕಡಿಮೆಯಾದಷ್ಟೂ ಸ್ವರ ಏರುವಂತೆ, ಚುಕ್ಕಿ ಚಿಕ್ಕದಾದಷ್ಟೂ ಬೆಳಕು ಕೆಂಪಿನಿಂದ ನೀಲಿಯತ್ತ ಏರುತ್ತದೆ. ಕ್ಯಾಡ್ಮಿಯಂ ಸೆಲೆನೈಡ್‌ನ 6 ನ್ಯಾನೊಮೀಟರ್ ಚುಕ್ಕಿ ಕೆಂಪಗೆ ಹೊಳೆದರೆ, ಅದೇ ವಸ್ತುವಿನ 2 ನ್ಯಾನೊಮೀಟರ್ ಚುಕ್ಕಿ ನೀಲಿಯಾಗುತ್ತದೆ.

ಇದನ್ನು ಮೊದಲು ಕಂಡವರು ಗಾಜಿನವರು. ಲೆನಿನ್‌ಗ್ರಾಡಿನ ವವಿಲೋವ್ ದೃಗ್ವಿಜ್ಞಾನ ಸಂಸ್ಥೆಯಲ್ಲಿ ಅಲೆಕ್ಸೆಯ್ ಎಕಿಮೋವ್ ತಾಮ್ರದ ಕ್ಲೋರೈಡ್ ಬೆರೆಸಿದ ಗಾಜನ್ನು 500ರಿಂದ 700 ಡಿಗ್ರಿಯಲ್ಲಿ, ಒಂದು ಗಂಟೆಯಿಂದ 96 ಗಂಟೆಗಳವರೆಗೆ ಕಾಯಿಸಿ ನೋಡಿದರು. ಒಳಗೆ ಬೆಳೆದ ಹರಳುಗಳ ಗಾತ್ರ ಬದಲಾದಂತೆ ಗಾಜು ಹೀರುವ ಬೆಳಕೂ ಬದಲಾಯಿತು. ಅವರ ವರದಿ 1981ರಲ್ಲಿ ಪ್ರಕಟವಾಯಿತು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಲೂಯಿ ಬ್ರೂಸ್ ದ್ರಾವಣದಲ್ಲಿ ಮಾಡಿದ ಕ್ಯಾಡ್ಮಿಯಂ ಸಲ್ಫೈಡ್ ಕಣಗಳನ್ನು ಮೇಜಿನ ಮೇಲೆ ಬಿಟ್ಟಿದ್ದಾಗ ಅವು 4.5 ನ್ಯಾನೊಮೀಟರಿನಿಂದ 12.5 ನ್ಯಾನೊಮೀಟರಿಗೆ ಬೆಳೆದು, ಬೆಳಕನ್ನು ಹೀರುವ ಗುಣ ಬದಲಾದದ್ದನ್ನು ಗುರುತಿಸಿದರು, ಅದು 1983. ಹತ್ತು ವರ್ಷಗಳ ಬಳಿಕ ಎಂಐಟಿಯ ಮೌಂಗಿ ಬಾವೆಂಡಿ ಮತ್ತು ಅವರ ವಿದ್ಯಾರ್ಥಿಗಳು ಒಂದೇ ಗಾತ್ರದ ಚುಕ್ಕಿಗಳನ್ನು ಬೇಕೆಂದಾಗ ಮಾಡಬಲ್ಲ ಪಾಕ ಕಂಡುಕೊಂಡರು. 2023ರ ರಸಾಯನವಿಜ್ಞಾನ ನೊಬೆಲ್ ಈ ಮೂವರಿಗೆ ಸಂದಿತು.

ಅಲ್ಲಿಂದ ಮುಂದೆ ದಾರಿ ಎರಡಾಯಿತು. ಒಂದು ನಿರ್ವಾತದ ದಾರಿ: ಹರಳಿನ ಮೇಲೆ ಹರಳನ್ನು ಪರಮಾಣು ಪರಮಾಣುವಾಗಿ ಬೆಳೆಸುವುದು. ಇನ್ನೊಂದು ಫ್ಲಾಸ್ಕಿನ ದಾರಿ: ಚುಕ್ಕಿಗಳನ್ನು ದ್ರವದಲ್ಲಿ ಬೆಳೆಸಿ, ಆಮೇಲೆ ಬಣ್ಣ ಬಳಿದಂತೆ ಪದರವಾಗಿ ಹಾಸುವುದು.

ಒತ್ತಡದಿಂದ ಹುಟ್ಟುವ ಗುಡ್ಡಗಳು

ನಿರ್ವಾತದ ದಾರಿಯಲ್ಲಿ ಚುಕ್ಕಿಯನ್ನು ಯಾರೂ ಕೆತ್ತುವುದಿಲ್ಲ. ಅದು ತಾನಾಗಿ ಏಳುತ್ತದೆ. ಇಂಡಿಯಂ ಆರ್ಸೆನೈಡ್‌ನಲ್ಲಿ ಪರಮಾಣುಗಳ ನಡುವಿನ ಅಂತರ ಗ್ಯಾಲಿಯಂ ಆರ್ಸೆನೈಡ್‌ಗಿಂತ ಸುಮಾರು ಶೇ 7ರಷ್ಟು ಹೆಚ್ಚು. ನೂರು ಎಲೆ ಹಾಕಿದ ಊಟದ ಪಂಕ್ತಿಯಲ್ಲಿ ಎಲೆಗಿಂತ ತುಸು ದಪ್ಪ ಮೈಯವರೇ ಬಂದು ಕೂತರೆ ಏನಾಗುತ್ತದೆಯೋ ಇಲ್ಲೂ ಅದೇ. ಮೊದಮೊದಲು ಎಲ್ಲರೂ ಭುಜ ಕುಗ್ಗಿಸಿಕೊಂಡು ಸರಿಹೊಂದುತ್ತಾರೆ. ಇಕ್ಕಟ್ಟು ಮಿತಿಮೀರಿದಾಗ ಕೆಲವರು ಮೇಲೇಳಲೇಬೇಕು. ಸುಮಾರು 1.7 ಪರಮಾಣು ಪದರದಷ್ಟು ಬೆಳೆಯುವವರೆಗೆ ಇಂಡಿಯಂ ಆರ್ಸೆನೈಡ್ ಚಪ್ಪಟೆಯಾಗಿ ಹಾಸಿಕೊಳ್ಳುತ್ತದೆ. ಅದನ್ನು ದಾಟಿದೊಡನೆ ಗುಡ್ಡಗಳಾಗಿ ಏಳುತ್ತದೆ. ಗುಡ್ಡದ ತುದಿಯಲ್ಲಿ ಪರಮಾಣುಗಳಿಗೆ ಅಕ್ಕಪಕ್ಕಕ್ಕೆ ಸಡಿಲಗೊಳ್ಳಲು ಜಾಗ ಸಿಗುತ್ತದೆ. ಬುಡದಲ್ಲಿ ಉಳಿಯುವ ತೆಳು ಹಾಸಿಗೆ ಒದ್ದೆ ಪದರ ಎಂದೇ ಹೆಸರು.

ಒಂದು ಹರಳಿನ ಮೇಲೆ ಇನ್ನೊಂದು ಹರಳು ಹೀಗೆ ಮೊದಲು ಹಾಸಾಗಿ, ಆಮೇಲೆ ದಿಬ್ಬವಾಗಿ ಬೆಳೆಯಬಲ್ಲದೆಂದು 1938ರಲ್ಲೇ ಲೆಕ್ಕ ಹಾಕಿ ತೋರಿಸಿದವರು ಬಲ್ಗೇರಿಯಾದ ಇವಾನ್ ಸ್ಟ್ರಾನ್ಸ್ಕಿ ಮತ್ತು ಲ್ಯುಬೊಮಿರ್ ಕ್ರಸ್ತಾನೋವ್. ಬೆಳವಣಿಗೆಯ ಈ ಬಗೆಗೆ ಇಂದಿಗೂ ಅವರದೇ ಹೆಸರು. ಅವರ ಲೆಕ್ಕ ಪ್ರಯೋಗಕ್ಕೆ ದಕ್ಕಲು ಬೆಲ್ ಲ್ಯಾಬ್ಸ್‌ನ ಆಲ್ಫ್ರೆಡ್ ಚೋ ಮತ್ತು ಜಾನ್ ಆರ್ಥರ್ 1960ರ ದಶಕದ ಕೊನೆಗೆ ರೂಪಿಸಿದ ಮಾಲಿಕ್ಯುಲರ್ ಬೀಮ್ ಎಪಿಟಾಕ್ಸಿ ಬರಬೇಕಾಯಿತು. ಲೇಖನದ ಮೊದಲಲ್ಲಿ ಕಂಡ ಉಕ್ಕಿನ ಕೋಣೆ ಅದೇ. 1985ರಲ್ಲಿ ಫ್ರಾನ್ಸಿನ ಗುಂಪೊಂದು ಇಂಡಿಯಂ ಆರ್ಸೆನೈಡ್ ಪದರಗಳಲ್ಲಿ ದಿಬ್ಬಗಳನ್ನು ಗುರುತಿಸಿತು. ಅಂಥ ದಿಬ್ಬಗಳೇ ಕ್ವಾಂಟಮ್ ಚುಕ್ಕಿಗಳಾಗಿ ಕೆಲಸ ಮಾಡಬಲ್ಲವೆಂದು 1993ರಲ್ಲಿ ಸಾಂತಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಿಯೆರ್ ಪೆಟ್ರೋಫ್ ಅವರ ಗುಂಪು ತೋರಿಸಿಕೊಟ್ಟಿತು.

ಬೆಳೆಸುವವರ ಕೈಯಲ್ಲಿ ಕೆಲವೇ ಕೀಲಿಗಳಿವೆ. ಇಂಡಿಯಂ ಹರಿವನ್ನು ನಿಧಾನಿಸಿದರೆ ಪರಮಾಣುಗಳಿಗೆ ದೂರ ಸಾಗಿ ಒಂದೆಡೆ ಸೇರಲು ಸಮಯ ಸಿಗುತ್ತದೆ. ಚುಕ್ಕಿಗಳ ಸಂಖ್ಯೆ ಇಳಿದು ಗಾತ್ರ ಹಿಗ್ಗುತ್ತದೆ. ಬಿಸಿ ಏರಿಸಿದರೂ ಹಾಗೆಯೇ. ಬೆಳೆದ ಚುಕ್ಕಿಗಳನ್ನು ಗ್ಯಾಲಿಯಂ ಆರ್ಸೆನೈಡ್‌ನಿಂದ ಹೊದಿಸುವುದು ಇಡೀ ಕೆಲಸದ ನಾಜೂಕಿನ ಹಂತ. ಹೊದಿಸುವಾಗ ಇಂಡಿಯಂ ಒಂದಿಷ್ಟು ಹೊರಗೆ ಸೋರಿ ಬೆರೆಯುತ್ತದೆ, ಗುಡ್ಡದ ತಲೆ ಚಪ್ಪಟೆಯಾಗುತ್ತದೆ, ಬಣ್ಣ ಸರಿಯುತ್ತದೆ. ಹೊದಿಕೆ ತೆಳುವಾಗಿದ್ದರೆ ಕೆಳಗಿನ ಚುಕ್ಕಿಯ ಒತ್ತಡ ಮೇಲಕ್ಕೂ ತಟ್ಟಿ, ಮುಂದಿನ ಪದರದ ಚುಕ್ಕಿಗಳು ಸರಿಯಾಗಿ ಅದೇ ಜಾಗದ ನೆತ್ತಿಯ ಮೇಲೆ ಏಳುತ್ತವೆ. ಹೀಗೆ ಹತ್ತಾರು ಪದರಗಳನ್ನು ಒಂದರ ಮೇಲೊಂದು ಪೇರಿಸಬಹುದು.

ಇಷ್ಟೆಲ್ಲ ಪಾಡು ಏಕೆಂದರೆ ಚುಕ್ಕಿ ಒಂದು ಬಲೆಯಂತೆ ಕೆಲಸ ಮಾಡುತ್ತದೆ. ಸಾಮಾನ್ಯ ಪದರದಲ್ಲಿ ಎಲೆಕ್ಟ್ರಾನು ಅಲೆದಾಡುತ್ತ ಹರಳಿನ ಬಿರುಕೊಂದನ್ನು, ಅಂದರೆ ಪರಮಾಣುಗಳ ಜೋಡಣೆ ತಪ್ಪಿದ ಜಾಗವೊಂದನ್ನು ತಲುಪಿದರೆ ಅದರ ಶಕ್ತಿ ಶಾಖವಾಗಿ ವ್ಯರ್ಥ. ಚುಕ್ಕಿಯೊಳಗೆ ಬಿದ್ದ ಎಲೆಕ್ಟ್ರಾನಿಗೆ ಅಲೆಯಲು ಎಡೆಯಿಲ್ಲ. ರಂಧ್ರ ಅಲ್ಲೇ ಸಿಗುತ್ತದೆ, ಬೆಳಕು ಹುಟ್ಟುತ್ತದೆ. ಕುಂದುಗಳೂ ಈ ದಾರಿಗೆ ಅಂಟಿಕೊಂಡೇ ಇವೆ. ತಾನಾಗಿ ಎದ್ದ ಗುಡ್ಡಗಳೆಲ್ಲ ಒಂದೇ ಅಳತೆಯವಲ್ಲ, ಹಾಗಾಗಿ ಬಣ್ಣ ತುಸು ಹರಡಿಕೊಳ್ಳುತ್ತದೆ. ಚುಕ್ಕಿಗಳು ಬಿಲ್ಲೆಯ ಅಲ್ಪಭಾಗವನ್ನಷ್ಟೇ ಆವರಿಸುವುದರಿಂದ ಹೆಚ್ಚು ವಿದ್ಯುತ್ ಹರಿಸಿದಾಗ ಎಲೆಕ್ಟ್ರಾನುಗಳು ತುಂಬಿ ತುಳುಕಿ ಒದ್ದೆ ಪದರಕ್ಕೆ ಹರಿದುಬಿಡುತ್ತವೆ. ಮೇಲಾಗಿ ಇಂಡಿಯಂ ಆರ್ಸೆನೈಡ್ ಚುಕ್ಕಿಯ ಬೆಳಕು ಅವರಕ್ತ, ಅಂದರೆ ಇನ್ಫ್ರಾರೆಡ್, ಕಣ್ಣಿಗೆ ಕಾಣದು. ಮನೆಯ ದೀಪಕ್ಕೆ ಸಲ್ಲದಿದ್ದರೂ ಅದು ಆಪ್ಟಿಕಲ್ ಫೈಬರ್ ಸಂವಹನದ ಲೇಸರುಗಳಿಗೆ ಹೇಳಿ ಮಾಡಿಸಿದಂತಿದೆ. 2002ರಲ್ಲಿ ಕೇಂಬ್ರಿಜ್‌ನ ತೋಶಿಬಾ ಪ್ರಯೋಗಾಲಯ ಇಂಥದೇ ಚುಕ್ಕಿಯಿಂದ, ವಿದ್ಯುತ್ ಮಿಡಿತಕ್ಕೆ ಒಂದೊಂದೇ ಫೋಟಾನು ಉಗುಳುವ ಎಲ್‌ಇಡಿಯನ್ನು ಮಾಡಿತ್ತು.

ನೀಲಿ ಗೆದ್ದ ಮೇಲೆ ಉಳಿದ ಹಸಿರು

ಕಣ್ಣಿಗೆ ಕಾಣುವ ಬೆಳಕಿನ ದೊರೆ ಗ್ಯಾಲಿಯಂ ನೈಟ್ರೈಡ್. ಕರ್ನಾಟಕದಲ್ಲಿ ‘ಹೊಸ ಬೆಳಕು’ ಎಂದು, ದೇಶದ ಉದ್ದಕ್ಕೂ ‘ಉಜಾಲಾ’ ಎಂದು ಹಂಚಿದ 36 ಕೋಟಿಗೂ ಹೆಚ್ಚು ಬಲ್ಬುಗಳ ಒಳಗಿರುವುದು ಇದರ ನೀಲಿ ಚಿಪ್. ಆ ನೀಲಿಯನ್ನು ಸಾಧ್ಯವಾಗಿಸಿದ ಇಸಾಮು ಅಕಸಾಕಿ, ಹಿರೋಶಿ ಅಮಾನೊ ಮತ್ತು ಶುಜಿ ನಕಾಮುರ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದರು. ಇದರಲ್ಲೊಂದು ಒಗಟಿತ್ತು. ನೀಲಮಣಿಯ ಹಾಸಿನ ಮೇಲೆ ಬೆಳೆದ ಗ್ಯಾಲಿಯಂ ನೈಟ್ರೈಡ್‌ನಲ್ಲಿ ಚದರ ಸೆಂಟಿಮೀಟರಿಗೆ ಹತ್ತು ಕೋಟಿಗೂ ಮಿಕ್ಕಿ ಬಿರುಕುಗಳಿರುತ್ತವೆ. ಬೇರೆ ಅರೆವಾಹಕವಾಗಿದ್ದರೆ ಅಷ್ಟು ಬಿರುಕಿಗೆ ಮಿಣುಕೂ ಇರುತ್ತಿರಲಿಲ್ಲ. ಇದು ಮಾತ್ರ ಝಗಝಗಿಸಿತು.

ಉತ್ತರ ಸಿಕ್ಕಿತೆಂದು ಹಲವರು ಭಾವಿಸಿದರು: ಬೆಳಕು ಹುಟ್ಟುವ ಇಂಡಿಯಂ ಗ್ಯಾಲಿಯಂ ನೈಟ್ರೈಡ್ ಪದರದೊಳಗೆ ಇಂಡಿಯಂ ಗುಂಪುಗೂಡಿ ತನ್ನಷ್ಟಕ್ಕೆ ಕ್ವಾಂಟಮ್ ಚುಕ್ಕಿಗಳಾಗಿದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಆ ಗುಂಪುಗಳು ಕಾಣುತ್ತಲೂ ಇದ್ದವು. 2003ರಲ್ಲಿ ಕೇಂಬ್ರಿಜ್‌ನ ಕಾಲಿನ್ ಹಂಫ್ರೀಸ್ ಅವರ ಗುಂಪು ತೋರಿಸಿದ್ದು ಬೇರೆಯೇ: ನೋಡಲು ಬಳಸಿದ ಎಲೆಕ್ಟ್ರಾನ್ ಕಿರಣವೇ ಮಾದರಿಯನ್ನು ಕೆಡಿಸಿ ಆ ಗುಂಪುಗಳ ಭ್ರಮೆ ಹುಟ್ಟಿಸುತ್ತಿತ್ತು. ಇಂಡಿಯಂ ಹಂಚಿಕೆಯಲ್ಲಿನ ಸಹಜ ಏರುಪೇರು, ಪದರದ ದಪ್ಪದಲ್ಲಿನ ಒಂದೆರಡು ಪರಮಾಣುಗಳಷ್ಟು ಹೆಚ್ಚುಕಡಿಮೆ ಇವೇ ಎಲೆಕ್ಟ್ರಾನು–ರಂಧ್ರಗಳನ್ನು ಬಿರುಕಿನಿಂದ ದೂರ ಹಿಡಿದಿಡುತ್ತವೆ ಎಂಬುದು ಈಗ ಬಲವಾಗಿ ನಿಂತಿರುವ ವಿವರಣೆ. ಚುಕ್ಕಿಗಳು ಅಲ್ಲಿರಲಿಲ್ಲ. ಚುಕ್ಕಿ ಮಾಡಬಹುದಾದ ಉಪಕಾರ ಏನೆಂಬುದನ್ನು ಮಾತ್ರ ಆ ಪದರ ತೋರಿಸಿಕೊಟ್ಟಿತ್ತು.

ಹಸಿರಿಗೆ, ಕೆಂಪಿಗೆ ಹೋಗಬೇಕೆಂದರೆ ಇಂಡಿಯಂ ಹೆಚ್ಚಿಸಬೇಕು. ಇಂಡಿಯಂ ಹೆಚ್ಚಾದಷ್ಟೂ ಜಾಲರಿಯ, ಅಂದರೆ ಪರಮಾಣುಗಳ ಸಾಲುಜೋಡಣೆಯ ಇಕ್ಕಟ್ಟು ಹೆಚ್ಚುತ್ತದೆ, ಇಕ್ಕಟ್ಟಿನಿಂದ ಪದರದೊಳಗೆ ಭಾರೀ ವಿದ್ಯುತ್ ಕ್ಷೇತ್ರವೊಂದು ಏಳುತ್ತದೆ. ಆ ಕ್ಷೇತ್ರ ಎಲೆಕ್ಟ್ರಾನನ್ನು ಒಂದು ಗೋಡೆಗೂ ರಂಧ್ರವನ್ನು ಎದುರು ಗೋಡೆಗೂ ಎಳೆದು ನಿಲ್ಲಿಸುತ್ತದೆ, ಕೂಡಬೇಕಾದವು ಕೂಡುವುದಿಲ್ಲ. ಒಳ್ಳೆಯ ನೀಲಿ ಎಲ್‌ಇಡಿಯ ದಕ್ಷತೆ ಶೇ 80ರ ಸಮೀಪ ಹೋದರೂ ಹಸಿರಿನದು ಅದಕ್ಕಿಂತ ಬಹಳ ಕೆಳಗೇ ಉಳಿದಿರುವುದಕ್ಕೆ ಇದೊಂದು ಮುಖ್ಯ ಕಾರಣ. ಚುಕ್ಕಿಯ ಆಕಾರದಲ್ಲಿ ಬೆಳೆಸಿದರೆ ಇಕ್ಕಟ್ಟು ಅಂಚುಗಳಲ್ಲಿ ಸಡಿಲವಾಗಿ ಕ್ಷೇತ್ರ ತಗ್ಗುತ್ತದೆ. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಪಲ್ಲಬ್ ಭಟ್ಟಾಚಾರ್ಯ ಅವರ ಗುಂಪು ಇಂಡಿಯಂ ಗ್ಯಾಲಿಯಂ ನೈಟ್ರೈಡ್ ಚುಕ್ಕಿಗಳಿಂದ ಹಸಿರು ಮತ್ತು ಕೆಂಪು ಲೇಸರುಗಳನ್ನೇ ಮಾಡಿತು. ಆದರೂ ಕಾರ್ಖಾನೆಗಳು ಈ ದಾರಿಗೆ ಹೊರಳಿಲ್ಲ. ಇಂಡಿಯಂ ಉಳಿಯಬೇಕಾದರೆ 700 ಡಿಗ್ರಿಯ ಆಸುಪಾಸಿನಲ್ಲಿ ಬೆಳೆಸಬೇಕು. ಒಳ್ಳೆಯ ಗ್ಯಾಲಿಯಂ ನೈಟ್ರೈಡ್‌ಗೆ 1,000 ಡಿಗ್ರಿ ದಾಟಬೇಕು. ಚುಕ್ಕಿಗೆ ಹಿತವಾದ ಬಿಸಿ ಹೊದಿಕೆಗೆ ಸಾಲದು, ಹೊದಿಕೆಗೆ ಬೇಕಾದ ಬಿಸಿ ಚುಕ್ಕಿಯನ್ನು ಉಳಿಸದು.

ಫ್ಲಾಸ್ಕಿನಲ್ಲಿ ಬಣ್ಣ ತಿರುಗುವುದು

ಎರಡನೆಯ ದಾರಿಗೆ ಉಕ್ಕಿನ ಕೋಣೆ ಬೇಡ. ಮೂರು ಕುತ್ತಿಗೆಯ ಗಾಜಿನ ಫ್ಲಾಸ್ಕ್, ಅದನ್ನು ಬಿಸಿಮಾಡುವ ಮ್ಯಾಂಟಲ್, ಆಮ್ಲಜನಕ ಸೇರದಂತೆ ಹರಿಯುವ ಆರ್ಗಾನ್ ಇದ್ದರೆ ಆಯಿತು. ಬಾವೆಂಡಿ ಗುಂಪಿನ 1993ರ ಪಾಕದಲ್ಲಿ, ಸುಮಾರು 300 ಡಿಗ್ರಿಗೆ ಕಾದ ಸಾವಯವ ದ್ರವಕ್ಕೆ ಕ್ಯಾಡ್ಮಿಯಂ ಮತ್ತು ಸೆಲೆನಿಯಂ ದ್ರಾವಣವನ್ನು ಸಿರಿಂಜಿನಿಂದ ಒಮ್ಮೆಲೇ ಚುಚ್ಚುತ್ತಾರೆ. ಆ ಒಂದು ಕ್ಷಣದಲ್ಲಿ ಬೀಜಹರಳುಗಳೆಲ್ಲ ಒಟ್ಟಿಗೆ ಹುಟ್ಟುತ್ತವೆ. ತಣ್ಣಗಿನ ದ್ರಾವಣ ಬಿದ್ದದ್ದರಿಂದ ಬಿಸಿ ಸುಮಾರು 180 ಡಿಗ್ರಿಗೆ ಇಳಿದು ಹೊಸ ಬೀಜ ಹುಟ್ಟುವುದು ನಿಲ್ಲುತ್ತದೆ. ಮತ್ತೆ ಮೆಲ್ಲಗೆ ಬಿಸಿ ಏರಿಸಿದರೆ ಹುಟ್ಟಿದವು ಮಾತ್ರ ಸಮಸಮನಾಗಿ ಬೆಳೆಯುತ್ತವೆ. ಆಗಾಗ ಒಂದೊಂದು ಹನಿ ತೆಗೆದು ಅತಿನೇರಳೆ ದೀಪಕ್ಕೆ ಹಿಡಿದರೆ ಬೆಳವಣಿಗೆ ಕಣ್ಣಿಗೇ ಕಾಣುತ್ತದೆ: ಮೊದಲ ಸೀಸೆಯಲ್ಲಿ ನೀಲಿ ಛಾಯೆ, ಮುಂದಿನದರಲ್ಲಿ ಹಸಿರು, ಆಮೇಲೆ ಹಳದಿ, ಕಿತ್ತಳೆ, ಕೊನೆಗೆ ಕೆಂಪು. ಬೇಕಾದ ಬಣ್ಣ ಬಂದಾಗ ಉರಿ ತೆಗೆದರೆ ಮುಗಿಯಿತು.

ಬರಿಮೈ ಚುಕ್ಕಿಯ ಬೆಳಕು ಮಂಕು. ಇಷ್ಟು ಚಿಕ್ಕ ಹರಳಿನಲ್ಲಿ ಪರಮಾಣುಗಳ ದೊಡ್ಡ ಪಾಲು ಮೇಲ್ಮೈಯಲ್ಲೇ ಇರುತ್ತದೆ; ಅಲ್ಲಿ ಕೈಚಾಚಿ ಹಿಡಿಯಲು ನೆರೆಯವರಿಲ್ಲದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಕಸಿಯುತ್ತವೆ. 1996ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಮಾರ್ಗರೆಟ್ ಹೈನ್ಸ್ ಮತ್ತು ಫಿಲಿಪ್ ಗಯೋ-ಸಿಯೊನೆಸ್ಟ್ ಕ್ಯಾಡ್ಮಿಯಂ ಸೆಲೆನೈಡ್ ತಿರುಳಿನ ಸುತ್ತ ಸತು ಸಲ್ಫೈಡ್‌ನ ಚಿಪ್ಪು ಬೆಳೆಸಿದಾಗ, ಹೀರಿದ ಬೆಳಕಿನ ಅರ್ಧದಷ್ಟು ಫೋಟಾನುಗಳನ್ನು ಚುಕ್ಕಿ ಮರಳಿಸಿತು. ಇಲ್ಲೂ ಇಕ್ಕಟ್ಟಿನ ಲೆಕ್ಕವೇ ಮತ್ತೆ ಎದುರಾಯಿತು: ಈ ಎರಡು ವಸ್ತುಗಳ ಜಾಲರಿಗೆ ಸುಮಾರು ಶೇ 12ರ ವ್ಯತ್ಯಾಸ, ಹಾಗಾಗಿ ಚಿಪ್ಪು ದಪ್ಪವಾದರೆ ಸೀಳುತ್ತದೆ. ನಡುವೆ ಕ್ಯಾಡ್ಮಿಯಂ ಸಲ್ಫೈಡ್ ಅಥವಾ ಸತು ಸೆಲೆನೈಡ್‌ನ ಮೆಟ್ಟಿಲು ಕಟ್ಟಿ, ಒಂದರಿಂದ ಇನ್ನೊಂದಕ್ಕೆ ನಯವಾಗಿ ಬೆರೆಯುವ ಚಿಪ್ಪುಗಳನ್ನು ಬೆಳೆಸಿದ ಮೇಲೆ ದ್ರಾವಣದಲ್ಲಿ ತೇಲುವ ಚುಕ್ಕಿಯ ಬೆಳಕಿನ ಇಳುವರಿ ಶೇ 100ರ ಹತ್ತಿರಕ್ಕೆ ಬಂದಿದೆ. ನಿರ್ವಾತದ ದಾರಿಯಲ್ಲಿ ಚುಕ್ಕಿಯನ್ನು ಹುಟ್ಟಿಸಿದ ಒತ್ತಡವೇ ಫ್ಲಾಸ್ಕಿನ ದಾರಿಯಲ್ಲಿ ಅದರ ಚಿಪ್ಪನ್ನು ಒಡೆಯುತ್ತದೆ.

ಹಾಸುವಾಗ ಆಗುವ ನಷ್ಟ

ಸೀಸೆಯಲ್ಲಿ ಬೆಳಗಿದ್ದು ಪದರದಲ್ಲಿ ಬೆಳಗಬೇಕಲ್ಲ. ಗಾಜಿನ ಬಿಲ್ಲೆಯ ಮೇಲೆ ಹನಿ ಬಿಟ್ಟು ನಿಮಿಷಕ್ಕೆ ಎರಡು–ಮೂರು ಸಾವಿರ ಸುತ್ತು ತಿರುಗಿಸಿದರೆ ದ್ರವ ಚೆದುರಿ, ಆರಿ, 20ರಿಂದ 40 ನ್ಯಾನೊಮೀಟರ್ ದಪ್ಪದ ಚುಕ್ಕಿಗಳ ಹಾಸು ಉಳಿಯುತ್ತದೆ. ಅಂದರೆ ಮೂರು–ನಾಲ್ಕು ಸಾಲು ಚುಕ್ಕಿ. ಗೋಡೆಗೆ ಎರಡನೆ ಕೋಟ್ ಬಳಿಯುವಾಗ ಮೊದಲಿನದು ಎದ್ದು ಬರಬಾರದು. ಇಲ್ಲಿ ಆ ಎಚ್ಚರ ಇನ್ನೂ ಕಟ್ಟುನಿಟ್ಟು. ರಂಧ್ರ ಸಾಗಿಸುವ ಪಾಲಿಮರ್ ಪದರಕ್ಕೆ ಒಂದು ದ್ರಾವಕ, ಅದನ್ನು ಕರಗಿಸದ ಆಕ್ಟೇನ್‌ನಲ್ಲಿ ಚುಕ್ಕಿಗಳು, ಚುಕ್ಕಿಗಳನ್ನು ಕದಲಿಸದ ಎಥನಾಲ್‌ನಲ್ಲಿ ಎಲೆಕ್ಟ್ರಾನ್ ಸಾಗಿಸುವ ಸತು ಆಕ್ಸೈಡ್ ಕಣಗಳು. ಈ ಕ್ರಮ ಕೂಡಿಬರಲು ವರ್ಷಗಳೇ ಹಿಡಿದವು.

ಚುಕ್ಕಿಗಳು ಒಂದಕ್ಕೊಂದು ಅಂಟಿ ಮುದ್ದೆಯಾಗದಂತೆ ಕಾಯುವುದು ಅವುಗಳ ಮೈಮೇಲಿನ ಲಿಗ್ಯಾಂಡ್ ಎಂಬ ಕೂದಲಿನಂಥ ಅಣುಗಳು. ಹೆಚ್ಚಾಗಿ ಬಳಸುವುದು ಓಲಿಕ್ ಆಮ್ಲ. ಕಡಲೆಕಾಯಿ ಎಣ್ಣೆಯಲ್ಲಿ ಧಾರಾಳವಾಗಿರುವ ಅದೇ ಕೊಬ್ಬಿನ ಆಮ್ಲ. ದ್ರವದಲ್ಲಿ ಕಾಪಾಡುವ ಈ ಎಣ್ಣೆಯ ಹೊದಿಕೆ ಪದರದಲ್ಲಿ ವಿದ್ಯುತ್ತಿಗೆ ಅಡ್ಡಗೋಡೆ. ಕಿತ್ತು ಹಾಕಿದರೆ ಮೇಲ್ಮೈ ಗಾಯವಾಗಿ ಬೆಳಕು ಕುಂದುತ್ತದೆ. ಗಿಡ್ಡ ಲಿಗ್ಯಾಂಡುಗಳಿಗೆ ಬದಲಿಸಿದರೆ ಚುಕ್ಕಿಗಳು ಹತ್ತಿರ ಸರಿಯುತ್ತವೆ, ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಆದರೆ ಹತ್ತಿರವಿರುವ ಚುಕ್ಕಿಗಳು ಬೆಳಕು ಸೂಸುವ ಮೊದಲೇ ಶಕ್ತಿಯನ್ನು ಪಕ್ಕದವಕ್ಕೆ ದಾಟಿಸಿಬಿಡುತ್ತವೆ. ನೂರರಲ್ಲಿ ಒಂದು ಚುಕ್ಕಿ ಕೆಟ್ಟಿದ್ದರೂ ಹೀಗೆ ದಾಟಿಬಂದ ಶಕ್ತಿಯೆಲ್ಲ ಅಲ್ಲಿ ಸೋರಿಹೋಗಬಹುದು. ದಪ್ಪ ಚಿಪ್ಪು ಕಟ್ಟುವುದರ ಇನ್ನೊಂದು ಉದ್ದೇಶವೇ ತಿರುಳುಗಳನ್ನು ಪರಸ್ಪರ ದೂರ ಇಡುವುದು.

ಮೂರನೆಯ ತೊಡಕು ಅಸಮತೋಲನದ್ದು. ಸತು ಆಕ್ಸೈಡ್ ಎಲೆಕ್ಟ್ರಾನುಗಳನ್ನು ಧಾರಾಳವಾಗಿ ಸುರಿಯುತ್ತದೆ. ರಂಧ್ರಗಳು ಮಾತ್ರ ಎತ್ತರದ ತಡೆ ಹತ್ತಿ ತಡವಾಗಿ ಬರುತ್ತವೆ. ಹೆಚ್ಚುವರಿ ಎಲೆಕ್ಟ್ರಾನು ಕೂತ ಚುಕ್ಕಿಯಲ್ಲಿ ಒಂದು ಜೋಡಿ ಕೂಡಿದಾಗ ಹೊಮ್ಮುವ ಶಕ್ತಿಯನ್ನು ಆ ಮೂರನೆಯದು ಕಸಿದುಕೊಳ್ಳುತ್ತದೆ. ಇದಕ್ಕೆ ಓಜೆ ನಷ್ಟ ಎನ್ನುತ್ತಾರೆ.

ಶೇ 0.01ರಿಂದ ಶೇ 20ಕ್ಕೆ

ಬರ್ಕ್ಲಿಯಲ್ಲಿ ವಿಕಿ ಕಾಲ್ವಿನ್, ಪಾಲ್ ಅಲಿವಿಸಾಟೊಸ್ ಮತ್ತು ಸಂಗಡಿಗರು 1994ರಲ್ಲಿ ಮೊದಲ ಕ್ವಾಂಟಮ್ ಚುಕ್ಕಿ ಎಲ್‌ಇಡಿ ಹೊತ್ತಿಸಿದಾಗ ಅದರ ದಕ್ಷತೆ ಹೆಚ್ಚೆಂದರೆ ಶೇ 0.01, ಹತ್ತು ಸಾವಿರ ಎಲೆಕ್ಟ್ರಾನು ಹರಿದರೆ ಹೊರಬರುತ್ತಿದ್ದುದು ಒಂದು ಫೋಟಾನು. 2002ರಲ್ಲಿ ಎಂಐಟಿಯ ಸೇತ್ ಕೋ, ಬಾವೆಂಡಿ ಮತ್ತು ವ್ಲಾಡಿಮಿರ್ ಬುಲೊವಿಚ್ ಅವರ ಗುಂಪು ಒಂದು ಸರಳ ಯುಕ್ತಿ ಹೂಡಿತು. ಚುಕ್ಕಿಗಳನ್ನೂ ಸಾವಯವ ಅಣುಗಳನ್ನೂ ಒಂದೇ ದ್ರಾವಣದಲ್ಲಿ ಬೆರೆಸಿ ತಿರುಗಿಸಿದಾಗ ಅವು ತಾವಾಗಿ ಬೇರ್ಪಟ್ಟು, ಮೇಲ್ಗಡೆ ಒಂದೇ ಒಂದು ಸಾಲಿನ ಚುಕ್ಕಿ ಪದರ ಕೂತಿತು. ವಿದ್ಯುತ್ ಸಾಗಿಸುವ ಹೊರೆ ಸಾವಯವ ಪದರಗಳದ್ದು, ಬೆಳಗುವ ಕೆಲಸ ಮಾತ್ರ ಚುಕ್ಕಿಗಳದ್ದು. ದಕ್ಷತೆ ಅಲ್ಲಿಯವರೆಗಿನ ಅತ್ಯುತ್ತಮಕ್ಕಿಂತ 25 ಪಟ್ಟು ಏರಿ ಶೇ 0.5 ದಾಟಿತು.

ದೊಡ್ಡ ಜಿಗಿತ ಬಂದದ್ದು 2014ರಲ್ಲಿ, ಚೀನಾದ ಝೆಜಿಯಾಂಗ್ ವಿಶ್ವವಿದ್ಯಾಲಯದಿಂದ. ಅಲ್ಲಿನವರು ಚುಕ್ಕಿ ಪದರಕ್ಕೂ ಸತು ಆಕ್ಸೈಡ್‌ಗೂ ನಡುವೆ ಸುಮಾರು 6 ನ್ಯಾನೊಮೀಟರ್ ದಪ್ಪದ ಪಿಎಂಎಂಎ ಹಾಸಿದರು. ಅಕ್ರಿಲಿಕ್ ಹಾಳೆಯ ಅದೇ ಪ್ಲಾಸ್ಟಿಕ್, ಅಪ್ಪಟ ಅವಾಹಕ. ದಾರಿಗೆ ಅಡ್ಡ ಹಾಕಿದ ಈ ಹಾಸು ಎಲೆಕ್ಟ್ರಾನುಗಳ ಧಾವಂತ ತಗ್ಗಿಸಿ ರಂಧ್ರಗಳ ಜೊತೆ ಸಮ ಮಾಡಿತು. ಕೆಂಪು ಎಲ್‌ಇಡಿಯ ದಕ್ಷತೆ ಶೇ 20.5 ಮುಟ್ಟಿತು. ಇಪ್ಪತ್ತು ಎಂದರೆ ಕಡಿಮೆ ಎನಿಸಬಹುದು. ಚಪ್ಪಟೆ ಪದರಗಳೊಳಗೆ ಹುಟ್ಟಿದ ಬೆಳಕಿನ ಬಹುಪಾಲು ಗಾಜಿನೊಳಗೇ ಪ್ರತಿಫಲಿಸುತ್ತ ಸಿಕ್ಕಿಬೀಳುತ್ತದೆ, ಮುಂಬದಿಯಿಂದ ಹೊರಬರುವುದು ಐದನೇ ಒಂದು ಪಾಲಿನ ಆಸುಪಾಸು. ಹಾಗಾಗಿ ಶೇ 20 ತಲುಪಿದ್ದರ ಅರ್ಥ, ಒಳಗೆ ಸೇರಿದ ಹೆಚ್ಚುಕಡಿಮೆ ಪ್ರತಿ ಜೋಡಿಯೂ ಬೆಳಕಾಗಿದೆ ಎಂದು.

ಈ ಚುಕ್ಕಿಗಳಲ್ಲಿ ಕ್ಯಾಡ್ಮಿಯಂ ಇತ್ತು. ಮೂತ್ರಪಿಂಡಕ್ಕೆ ವಿಷವಾದ ಈ ಲೋಹಕ್ಕೆ ಯುರೋಪಿನ ನಿಯಮ ವಿದ್ಯುನ್ಮಾನ ಸಾಮಗ್ರಿಗಳಲ್ಲಿ ಶೇ 0.01ರ ಮಿತಿ ಹಾಕಿದೆ. ಬದಲಿಯಾಗಿ ಬಂದ ಇಂಡಿಯಂ ಫಾಸ್ಫೈಡ್‌ಗೆ ಬೇಗ ತುಕ್ಕು ಹಿಡಿಯುವ ಚಾಳಿ. ತಿರುಳಿನ ಮೇಲೆ ಆಕ್ಸೈಡ್ ಕಟ್ಟಿದರೆ ಚಿಪ್ಪು ಸರಿಯಾಗಿ ಕೂರುವುದಿಲ್ಲ. ಸ್ಯಾಮ್ಸಂಗ್‌ನ ಸಂಶೋಧಕರು ಚಿಪ್ಪು ಬೆಳೆಸುವ ಆರಂಭದಲ್ಲಿ ಹೈಡ್ರೊಫ್ಲೋರಿಕ್ ಆಮ್ಲದಿಂದ ಆ ಆಕ್ಸೈಡನ್ನು ಕೊರೆದು ತೆಗೆದು, 2019ರಲ್ಲಿ ಕೆಂಪಿಗೆ ಶೇ 21.4 ಸಾಧಿಸಿದರು. ಮರುವರ್ಷ ಅದೇ ಕಂಪನಿಯ ಗುಂಪು ಸತು, ಟೆಲ್ಯುರಿಯಂ, ಸೆಲೆನಿಯಂ ಸೇರಿದ ಚುಕ್ಕಿಯಿಂದ ನೀಲಿಗೆ ಶೇ 20.2 ತಂದಿತು. ಜ್ಯೂರಿಕ್‌ನಲ್ಲಿ ಮಕ್ಸಿಮ್ ಕೊವಾಲೆಂಕೊ ಗುಂಪು 2015ರಲ್ಲಿ ಮುಂದಿಟ್ಟ ಸೀಸಿಯಂ, ಸೀಸ ಇರುವ ಪೆರೋವ್‌ಸ್ಕೈಟ್ ಎಂಬ ರಚನೆಯ ಹರಳುಗಳು ಚಿಪ್ಪಿಲ್ಲದೆಯೇ ಪ್ರಖರವಾಗಿ ಹೊಳೆಯುವಂಥವು. 2018ರಲ್ಲಿ ಜಪಾನಿನ ಯಮಾಗಾಟದ ಗುಂಪು ಇಂಥ ಕೆಂಪು ಚುಕ್ಕಿಗಳಿಂದ ಶೇ 21 ದಾಟಿತು. ಅವುಗಳಲ್ಲಿ ಸೀಸವಿದೆ, ಬಾಳಿಕೆ ಇನ್ನೂ ತೀರ ಕಡಿಮೆ.

ನೀರಿನ ಮೇಲೆ ಕಟ್ಟಿದ ಕೆನೆ

ಪದರದ ಈ ಕಥೆಗೆ ಬೆಂಗಳೂರಿನ ಪಾಲೂ ಸಂದಿದೆ. ಸಿ.ಎನ್.ಆರ್. ರಾವ್ ಕಟ್ಟಿದ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ, 2003ರ ಸುಮಾರಿಗೆ ಅವರ ಗುಂಪು ಎರಡು ದ್ರವಗಳ ಗಡಿಯನ್ನೇ ಬೆಳೆಸುವ ನೆಲವಾಗಿ ಬಳಸಿತು. ಕೆಳಗೆ ಸಲ್ಫೈಡ್ ಕರಗಿದ ನೀರು, ಮೇಲೆ ಲೋಹದ ಸಂಯುಕ್ತ ಕರಗಿದ ಟಾಲುಯಿನ್. ಎರಡೂ ಬೆರೆಯುವುದಿಲ್ಲ, ಮುಟ್ಟುವ ಜಾಗದಲ್ಲಿ ಮಾತ್ರ ಕ್ರಿಯೆ ನಡೆದು, ಕಾದ ಹಾಲಿನ ಮೇಲೆ ಕೆನೆ ಕಟ್ಟಿದಂತೆ ಹರಳುಗಳ ತೆಳು ಹಾಳೆ ಕಟ್ಟುತ್ತದೆ. ಅದನ್ನು ಬಿಲ್ಲೆಯ ಮೇಲೆ ಎತ್ತಿಕೊಳ್ಳಬಹುದು. ಬೆಳೆಸುವುದು, ಹಾಸುವುದು ಎಂಬ ಎರಡು ಹಂತಗಳನ್ನು ಒಂದಾಗಿಸಿದ ಸೊಗಸು ಇದರದ್ದು. ಅದೇ ಕೇಂದ್ರದಲ್ಲಿ ಎಸ್.ಎಂ. ಶಿವಪ್ರಸಾದ್ ಅವರ ಗುಂಪು ಉಕ್ಕಿನ ಕೋಣೆಯ ದಾರಿಯಲ್ಲೇ ನೀಲಮಣಿಯ ಮೇಲೆ ಗ್ಯಾಲಿಯಂ ನೈಟ್ರೈಡ್‌ನ ಜೇನುಗೂಡಿನಂಥ ನ್ಯಾನೊಗೋಡೆಗಳನ್ನು ಬೆಳೆಸಿ, ಚಪ್ಪಟೆ ಪದರಕ್ಕಿಂತ ಅವು ಹೆಚ್ಚು ಹೊಳೆಯುವುದನ್ನು ತೋರಿಸಿತು. ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಹಳಬರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೀರಿನ ಮೇಲ್ಮೈಯಲ್ಲಿ ಚುಕ್ಕಿಗಳನ್ನು ಒಂದೇ ಸಾಲಾಗಿ ಹರಡಿ, ಬಿಲ್ಲೆಗೆ ಎತ್ತಿ, ಪಕ್ಕದ ಚಿನ್ನದ ಕಣಗಳು ಅವುಗಳ ಬೆಳಕನ್ನು ಹೇಗೆ ಬದಲಿಸುತ್ತವೆ ಎಂಬ ಅಧ್ಯಯನಗಳು ನಡೆದಿವೆ.

ಅಂಗಡಿಗೆ ಬಂದದ್ದು, ಬರಬೇಕಾದದ್ದು

ಇವತ್ತು ಅಂಗಡಿಯಲ್ಲಿ ಕ್ಯುಎಲ್‌ಇಡಿ ಎಂಬ ಹೆಸರಿನಲ್ಲಿ ಮಾರುವ ಟಿವಿಗಳಲ್ಲಿ ಚುಕ್ಕಿಗೆ ವಿದ್ಯುತ್ ಹರಿಯುವುದಿಲ್ಲ. ಹಿಂದೆ ಹಳೆಯ ನೀಲಿ ಎಲ್‌ಇಡಿಗಳಿವೆ. ಮುಂದಿನ ಹಾಳೆಯಲ್ಲಿರುವ ಚುಕ್ಕಿಗಳು ಆ ನೀಲಿಯ ಒಂದು ಪಾಲನ್ನು ಹೀರಿ ಶುದ್ಧ ಹಸಿರು, ಶುದ್ಧ ಕೆಂಪಾಗಿ ಬದಲಿಸುತ್ತವೆ. ಸೋನಿ 2013ರಲ್ಲಿ ಈ ಬಗೆಯ ಟಿವಿ ತಂದಿತು. ಸ್ಯಾಮ್ಸಂಗ್ 2017ರಲ್ಲಿ ಕ್ಯುಎಲ್‌ಇಡಿ ಎಂಬ ಹೆಸರನ್ನು ಮನೆಮಾತಾಗಿಸಿತು. ಮನೆಯ ದೀಪಕ್ಕೂ ಇದೇ ಉಪಾಯದಿಂದ ಲಾಭವಿದೆ. ಬಿಳಿ ಬಲ್ಬಿನಲ್ಲಿ ಕೆಂಪು ತುಂಬಲು ಬಳಸುವ ಫಾಸ್ಫರ್ ಎಂಬ ಸಾಮಾನ್ಯ ಹೊಳೆಯುವ ಪುಡಿಯ ಬೆಳಕು ಅಗಲವಾಗಿ ಹರಡಿ, ಒಂದು ಪಾಲು ಕಣ್ಣಿಗೆ ಕಾಣದ ಅವರಕ್ತಕ್ಕೆ ಹೋಗಿ ವ್ಯರ್ಥವಾಗುತ್ತದೆ. ತರಂಗಾಂತರದಲ್ಲಿ 20–30 ನ್ಯಾನೊಮೀಟರ್ ಅಗಲದಲ್ಲೇ ನಿಲ್ಲುವ ಚುಕ್ಕಿಯ ಕೆಂಪು ಅದನ್ನು ತಪ್ಪಿಸುತ್ತದೆ. ಓಸ್ರಾಮ್ ಕಂಪನಿ ಇಂಥ ಚುಕ್ಕಿಗಳನ್ನು ನೀಲಿ ಚಿಪ್‌ನ ಮೇಲೆಯೇ ಕೂರಿಸಿದ ಎಲ್‌ಇಡಿಯನ್ನು ಮಾರುಕಟ್ಟೆಗೆ ತಂದಿದೆ.

ನೇರವಾಗಿ ವಿದ್ಯುತ್ತಿನಿಂದಲೇ ಚುಕ್ಕಿ ಬೆಳಗುವ ಪರದೆ ಬಂದರೆ ಹಿಂದಿನ ದೀಪವೂ ಬೇಡ, ಬಣ್ಣದ ಸೋಸುಹಾಳೆಯೂ ಬೇಡ. ಅದಕ್ಕಾಗಿ ಕೆಂಪು, ಹಸಿರು, ನೀಲಿ ಪದರಗಳನ್ನು ಕೂದಲೆಳೆಗಿಂತ ಸಣ್ಣ ಚೌಕಗಳಲ್ಲಿ ಅಕ್ಕಪಕ್ಕ ಹಾಸಬೇಕು. ಇಂಕ್‌ಜೆಟ್ ಪ್ರಿಂಟರಿನಿಂದ ಹನಿ ಹನಿಯಾಗಿ ಮುದ್ರಿಸುವುದು ಒಂದು ಹಾದಿ. ಅಲ್ಲಿ ಅಡ್ಡಬರುವುದು ನಮ್ಮ ಅಡುಗೆಮನೆಯ ಪರಿಚಿತ ದೃಶ್ಯ: ಚೆಲ್ಲಿದ ಕಾಫಿ ಹನಿ ಒಣಗಿದಾಗ ಅಂಚಿನಲ್ಲಿ ಕಪ್ಪು ಉಂಗುರ ಉಳಿಯುತ್ತದೆ, ನಡು ಪೇಲವ. ಚುಕ್ಕಿಗಳ ಹನಿಯೂ ಹಾಗೇ ಒಣಗಿದರೆ ಅಂಚು ದಪ್ಪ, ನಡು ತೆಳು. ವಿದ್ಯುತ್ ತೆಳುವಾದ ಕಡೆ ನುಗ್ಗುತ್ತದೆ. ಬೇಗ ಆರುವ ಮತ್ತು ನಿಧಾನ ಆರುವ ದ್ರಾವಕಗಳನ್ನು ಬೆರೆಸಿ ಹನಿಯೊಳಗಿನ ಹರಿವನ್ನು ಹಿಮ್ಮುಖ ಮಾಡುವುದು ಇದಕ್ಕೆ ಕಂಡುಕೊಂಡ ಮದ್ದು. ಷಿಕಾಗೊದ ದ್ಮಿತ್ರಿ ತಲಾಪಿನ್ ಗುಂಪು 2017ರಲ್ಲಿ ಇನ್ನೊಂದು ಹಾದಿ ತೋರಿತು: ಬೆಳಕು ಬಿದ್ದಲ್ಲಿ ಲಿಗ್ಯಾಂಡು ಬದಲಾಗಿ ಚುಕ್ಕಿಗಳು ಅಂಟಿಕೊಳ್ಳುತ್ತವೆ, ಉಳಿದವನ್ನು ತೊಳೆದು ತೆಗೆಯಬಹುದು.

ಇಷ್ಟಾದರೂ ನೀಲಿಯ ಬಾಳಿಕೆ ಕೈಗೆ ಸಿಕ್ಕಿಲ್ಲ. ಸ್ಯಾಮ್ಸಂಗ್‌ನ ಕೆಂಪು ಎಲ್‌ಇಡಿ, ಪ್ರತಿ ಚದರ ಮೀಟರಿಗೆ 100 ಕ್ಯಾಂಡೆಲಾ ಹೊಳಪಿನಲ್ಲಿ ಅರ್ಧಕ್ಕೆ ಮಂಕಾಗಲು ಹತ್ತು ಲಕ್ಷ ಗಂಟೆ ಬೇಕೆಂದು ಲೆಕ್ಕ. ಅದೇ ಹೊಳಪಿನಲ್ಲಿ ಅದೇ ಕಂಪನಿಯ 2020ರ ನೀಲಿಯದು 15,850 ಗಂಟೆ, ಎಡೆಬಿಡದೆ ಉರಿಸಿದರೆ ಎರಡು ವರ್ಷಕ್ಕೂ ಕಡಿಮೆ. ಹತ್ತು ಲಕ್ಷ ಗಂಟೆ ಎಂದರೆ 114 ವರ್ಷ. ಅಷ್ಟು ಕಾಲ ಯಾರೂ ಕಾಯುವುದಿಲ್ಲ. ಬಲು ಪ್ರಖರವಾಗಿ ಉರಿಸಿ, ಎಷ್ಟು ಬೇಗ ಮಂಕಾಯಿತೆಂದು ಅಳೆದು, ಅಲ್ಲಿಂದ ಸಾಮಾನ್ಯ ಹೊಳಪಿನ ಆಯಸ್ಸನ್ನು ಲೆಕ್ಕ ಹಾಕುತ್ತಾರೆ. ನೀಲಿ ಫೋಟಾನಿನ ಶಕ್ತಿ ಹೆಚ್ಚು. ಲಿಗ್ಯಾಂಡು ಕಳಚಿ ಬೀಳುವುದು, ಪಕ್ಕದ ಪಾಲಿಮರ್ ಪದರ ಹಾಳಾಗುವುದು, ಗಡಿಯಲ್ಲಿ ಎಲೆಕ್ಟ್ರಾನು ಶೇಖರವಾಗುವುದು ಎಲ್ಲವೂ ಅಲ್ಲಿ ಬೇಗ ನಡೆಯುತ್ತವೆ. ಓಲಿಕ್ ಆಮ್ಲದ ಜಾಗಕ್ಕೆ ಕ್ಲೋರೈಡ್, ಸತು ಆಕ್ಸೈಡ್‌ಗೆ ಒಂದಿಷ್ಟು ಮೆಗ್ನೀಸಿಯಂ, ಒಂದೇ ದೀಪದಲ್ಲಿ ಎರಡು ಬಗೆಯ ಚುಕ್ಕಿಗಳ ಎರಡು ಹಾಸು: ಪ್ರಯೋಗಾಲಯಗಳಲ್ಲಿ ಈಗ ನಡೆಯುತ್ತಿರುವ ಪ್ರಯತ್ನಗಳು ಈ ಬಗೆಯವು. ಪ್ರತಿ ಬದಲಾವಣೆಯ ಬಳಿಕವೂ ಒಂದಷ್ಟು ಬಿಲ್ಲೆಗಳನ್ನು ಕತ್ತಲ ಪೆಟ್ಟಿಗೆಯೊಳಗೆ ಸಾಲಾಗಿ ಹೊತ್ತಿಸಿ ಮುಚ್ಚುತ್ತಾರೆ. ಪಕ್ಕದ ಕಂಪ್ಯೂಟರಿನ ಪರದೆಯಲ್ಲಿ ಒಂದೊಂದು ಬಿಲ್ಲೆಗೂ ಒಂದೊಂದು ಗೆರೆ, ಗಂಟೆ ಗಂಟೆಗೂ ತುಸು ತುಸು ಇಳಿಯುತ್ತಿರುತ್ತದೆ. ಈ ಸಲದ ಇಳಿಜಾರು ಕಳೆದ ಸಲಕ್ಕಿಂತ ಕಡಿಮೆ ಇದೆಯೇ ಎಂದು ಸಂಶೋಧಕರು ಬೆಳಗ್ಗೆ ಬಂದೊಡನೆ ನೋಡುವುದು ಅದನ್ನೇ.